ಜಾಕು ಇಳಿಸಬೇಕಂತೆ, ಅಣ್ಣಾ

ಆ ವರ್ಷದ ಈಸ್ಟರ್ ಭಾನುವಾರದಿಂದ ನಮ್ಮ ಪಕ್ಕದ ಮನೆಯ ವೈಸನ್ ಮತ್ತು ಅವನ ಹೆಂಡತಿಯ ಅಣ್ಣ ಲಮೇಕ್ ಮಾತು ಬಿಟ್ಟಿದ್ದರು. ಕಾರಣ ಅವರ ಮನೆಯ ಹಳೆಯ ಪಿಜೋ ಕಾರು. ನಮ್ಮ ಜೊಂಬಾ ಊರಿನ ಏರು ರಸ್ತೆಗಳನ್ನು ಹತ್ತಿ ಇಳಿದು ಅದರ ಹಿಂಭಾಗ ಎಷ್ಟು ಕುಸಿದಿತ್ತೆಂದರೆ, ದೂರದಿಂದ ನೋಡಿದವರಿಗೆ ನಾಯಿ ಹಿಂಗಾಲು ಮಡಚಿ ಕೂತ ಹಾಗೆ ಕಾಣುತ್ತಿತ್ತು. ಚರ್ಚಿನ ಗೇಟಿನ ಉಬ್ಬಿಗೆ ಅದರ ಹೊಟ್ಟೆ ಗರಗರ ಉಜ್ಜಿದಾಗ ವೈಸನ್ ತಲೆ ಹೊರಹಾಕಿ, ಎಲ್ಲರಿಗೂ ಕೇಳುವಂತೆ, "ಏನಿಲ್ಲ, ನಮ್ಮ ಭಾವ ಕೆಳಗಿಳಿದ್ರೆ ಗಾಡಿ ತಾನೇ ಎದ್ದು ನಿಲ್ಲುತ್ತೆ" ಅಂದುಬಿಟ್ಟ. ಲಮೇಕ್ ದಪ್ಪ ಮನುಷ್ಯ. ಜನ ನಕ್ಕರು. ಪಾದ್ರಿಗಳೂ ನಕ್ಕರು. ಜನ ನಕ್ಕಿದ್ದನ್ನು ಲಮೇಕ್ ಕ್ಷಮಿಸುತ್ತಿದ್ದನೇನೋ, ಪಾದ್ರಿಗಳು ನಕ್ಕಿದ್ದನ್ನು ಕ್ಷಮಿಸಲಿಲ್ಲ.

ವೈಸನ್ ಮನೆ ಅಳಿಯ. ನಮ್ಮ ಕಡೆ ಅದೇ ರೂಢಿ. ಅಂಗಳ ಹೆಂಡತಿಯದು, ಅಂಗಳದ ಆ ತುದಿಯ ಮನೆ ಹೆಂಡತಿಯ ಅಣ್ಣನದು, ನಡುವಿನ ಮನೆ ಅತ್ತೆಯದು. ಇಂಥ ಅಂಗಳದಲ್ಲಿ ಭಾವನ ಜೊತೆ ಮಾತು ಬಿಟ್ಟು ಬದುಕುವುದು ಸುಲಭವಲ್ಲ. ಆದರೂ ಇಬ್ಬರೂ ಹಟ ಬಿಡಲಿಲ್ಲ. ಏನು ಹೇಳಬೇಕಾದರೂ ನಡುವೆ ಎನೆಲೇಸಿ ಬೇಕು. ಒಬ್ಬನ ಹೆಂಡತಿ, ಇನ್ನೊಬ್ಬನ ತಂಗಿ, ಪಾಪ.

ಜುಲೈನಲ್ಲಿ ಬಲಾಕಾದಲ್ಲಿದ್ದ ಎನೆಲೇಸಿಯ ತಂಗಿಯ ಮಗಳಿಗೆ ನಿಶ್ಚಿತಾರ್ಥ ನಿಗದಿಯಾಯಿತು. ಸೋದರಮಾವನಾಗಿ ಹುಡುಗಿಯ ಕಡೆಯಿಂದ ಎದ್ದು ಮಾತಾಡಬೇಕಾದವನು ಲಮೇಕ್. ಕಾರು ಓಡಿಸಲು ಬರುವುದು ವೈಸನ್‌ಗೆ ಮಾತ್ರ. ಕಾರಿನ ಸ್ಥಿತಿ ಹೀಗೆ. ವೈಸನ್ ಬ್ಲಾಂಟೈರಿಗೆ ಹೋಗಿ, ಗುಜರಿಗೆ ಬಿದ್ದ ಇನ್ನೊಂದು ಪಿಜೋದ ಎರಡು ಗಟ್ಟಿ ಸ್ಪ್ರಿಂಗುಗಳನ್ನು ಮಿನಿಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಗ್ಯಾರೇಜು ಬೇಡ, ಮನೆಯಲ್ಲೇ ಹಾಕುತ್ತೇನೆ ಅಂದ.

ಶನಿವಾರ ಬೆಳಿಗ್ಗೆ ನಾನು ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದೆ. ನಡುವೆ ಇರುವುದು ಒಂದು ಸಣ್ಣ ಬೇಲಿ, ಎಲ್ಲ ಕಾಣುತ್ತದೆ. ವೈಸನ್ ಕಾರಿನ ಹಿಂಭಾಗ ಎತ್ತಿ, ಮೈಯ ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟ. ಚಕ್ರ ಕಳಚಿದ. ಆಕ್ಸಲಿನ ಕೆಳಗೆ ಹಲಗೆ ಇಟ್ಟು ಅದರ ಮೇಲೆ ಜಾಕು ನಿಲ್ಲಿಸಿದ. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಅವುಗಳಿಗೆ ಎಣ್ಣೆ ಕುಡಿಸಿ, ಬೈದು, ಸುತ್ತಿಗೆಯಲ್ಲಿ ಹೊಡೆದು ಅಂತೂ ಬಿಚ್ಚಿದ. ಇನ್ನು ಜಾಕು ನಿಧಾನ ಇಳಿಸುತ್ತಾ ಹೋದರೆ ಆಕ್ಸಲು ಕೆಳಗೆ ಬಂದು ಸ್ಪ್ರಿಂಗಿನ ಬಿಗಿ ಸಡಿಲುತ್ತದೆ, ಆಮೇಲೆ ಎಳೆದರೆ ಆಯಿತು. ಆದರೆ ಜಾಕು ಇರುವುದು ಅಲ್ಲಿ, ಸ್ಪ್ರಿಂಗು ಇರುವುದು ಇಲ್ಲಿ. ಇನ್ನೊಬ್ಬರು ಬೇಕೇ ಬೇಕು.

ಎನೆಲೇಸಿ ಹೋಗಿ ಅಣ್ಣನನ್ನು ಎಳೆದು ತಂದಳು. ಲಮೇಕ್ ಕುರ್ಚಿ ಹಿಡಿದುಕೊಂಡೇ ಬಂದ. ಜಾಕಿನ ಪಕ್ಕ ಕುರ್ಚಿ ಹಾಕಿ, ಚರ್ಚಿನ ಸಭೆಗೆ ಕೂತವನಂತೆ ಕೂತ.

ಕಾರಿನಡಿಯಿಂದ ವೈಸನ್ ಕೂಗಿದ: "ಎನೆಲೇಸಿ, ನಿಮ್ಮಣ್ಣಂಗೆ ಹೇಳು, ಜಾಕು ಒಂಚೂರು ಇಳಿಸ್ಲಿ."

"ಅಣ್ಣಾ, ಜಾಕು ಒಂಚೂರು ಇಳಿಸ್ಬೇಕಂತೆ."

"ಒಂಚೂರು ಅಂದ್ರೆ ಎಷ್ಟು ಅಂತ ನಿನ್ನ ಗಂಡನ್ನ ಕೇಳು."

"ಎಷ್ಟು ಅಂತ ಕೇಳ್ತಾ ಇದಾನೆ, ರೀ."

"ಒಂಚೂರು ಅಂದ್ರೆ ಒಂಚೂರೇ! ಊಟಕ್ಕೆ ಕೂತಾಗ ಒಂಚೂರು ನ್ಸೀಮಾ ಮುದ್ದೆ ಹಾಕು ಅಂತಾರಲ್ಲ, ಆ ಒಂಚೂರಲ್ಲ ಅಂತ ಹೇಳು."

"ಅದನ್ನ ನಾನು ಹೇಳಲ್ಲ."

"ಹೇಳೋದು ಬೇಡ, ಕೇಳಿಸ್ತು" ಎಂದ ಲಮೇಕ್, ಆಕಾಶ ನೋಡುತ್ತಾ.

ಹೀಗೇ ಸಾಗಿತು. ಒಂಚೂರು ಇಳಿಸು, ಸಾಕು, ಇನ್ನೊಂಚೂರು. ಪ್ರತಿ ಮಾತೂ ಎನೆಲೇಸಿಯ ಬಾಯಿ ಹಾದು ಹೋಗಬೇಕು. ಅಂತೂ ಎಡಗಡೆಯ ಸ್ಪ್ರಿಂಗು ಸಡಿಲಾಗಿ ಈಚೆ ಬಂತು. ಲಮೇಕ್ ಕುರ್ಚಿಯಿಂದ ಎದ್ದು ಅದನ್ನು ಎತ್ತಿಕೊಂಡ. ಕೂಸಿನ ಮುಖ ಒರೆಸುವ ಹಾಗೆ ಅಂಗಿಯ ಚುಂಗಿನಲ್ಲಿ ಮಣ್ಣು ಒರೆಸಿ, ಸುತ್ತು ಸುತ್ತೂ ನೋಡಿದ.

"ಎನೆಲೇಸಿ, ಇದು ಯಾರು ಕೂರೋ ಕಡೇದು?"

"ನೀನು ಕೂರೋ ಕಡೇದು, ಅಣ್ಣಾ."

"ಒಂದು ಬಿರುಕಿದೆಯಾ? ಒಂದು ಗೀರಿದೆಯಾ? ನಿನ್ನ ಗಂಡಂಗೆ ಹೇಳು. ಪಾದ್ರಿಗಳಿಗೂ ಹೇಳಿ ಬರ್ಲಿ."

ವೈಸನ್ ಕಾರಿನಡಿಯಲ್ಲೇ ತೆವಳಿಕೊಂಡು ಬಲಗಡೆಗೆ ಹೋದ. ಆಕ್ಸಲನ್ನು ಮತ್ತೆ ಎತ್ತಿ, ಜಾಕನ್ನು ಹಲಗೆಯ ಸಮೇತ ಆ ಕಡೆಗೆ ಸರಿಸಿದರು. ನಮ್ಮ ಬೀದಿಯಲ್ಲಿ ಸಮತಟ್ಟಾದ ಅಂಗಳ ಯಾರಿಗೂ ಇಲ್ಲ. ಬಲಗಡೆ ಇನ್ನೂ ಇಳಿಜಾರು.

ಆಗಲೇ ಒಲೆಯ ಮೇಲಿದ್ದ ಹುರುಳಿಕಾಯಿಯ ಪಾತ್ರೆ ಉಕ್ಕಿ ಸುಂಯ್ ಅಂದಿತು. ಎನೆಲೇಸಿ ಅಡುಗೆಮನೆಗೆ ಓಡಿದಳು. ಕಾರಿನಡಿಯಲ್ಲಿ ಮಲಗಿದ ಒಬ್ಬ, ಜಾಕು ಹಿಡಿದ ಇನ್ನೊಬ್ಬ. ಇಬ್ಬರೂ ಅಡುಗೆಮನೆಯ ಬಾಗಿಲನ್ನೇ ಕಾಯುತ್ತಿದ್ದರು.

ಕೊನೆಗೆ ಕಾರಿನಡಿಯಿಂದ ದನಿ ಬಂತು. "ಫಾಲೆಸಿ ಅಕ್ಕಾ, ಇದೀರಾ?"

"ಇದೀನಿ ಕಣಪ್ಪ" ಅಂದೆ ಜಗಲಿಯಿಂದ.

"ಸ್ವಲ್ಪ ಆ ಮನುಷ್ಯಂಗೆ ಹೇಳ್ತೀರಾ, ಜಾಕು ಇಳಿಸ್ಲಿ ಅಂತ."

ನನಗೆ ನಗು ತಡೆಯಲಾಗಲಿಲ್ಲ. "ಲಮೇಕಪ್ಪಾ, ಜಾಕು ಇಳಿಸ್ಬೇಕಂತೆ."

"ಎಷ್ಟಂತೆ, ಅಕ್ಕಾ?"

"ಒಂಚೂರಂತೆ" ಅನ್ನುವಷ್ಟರಲ್ಲಿ ಜಾಕಿನ ಕೆಳಗಿನ ಹಲಗೆ ಇಳಿಜಾರಿನತ್ತ ಜಾರತೊಡಗಿತು. ಮೊದಲು ಕಂಡದ್ದು ಲಮೇಕ್‌ಗೆ. ಅವನು ನನ್ನತ್ತ ತಿರುಗಿ ಬಾಯಿ ತೆರೆದ. ನಾನು ಹೇಳಿ, ಅದು ವೈಸನ್‌ಗೆ ಮುಟ್ಟಬೇಕು. ಆ ದಪ್ಪ ಮುಖ ಒಂದು ಗಳಿಗೆಯಲ್ಲಿ ಬೂದಿಯ ಬಣ್ಣಕ್ಕೆ ತಿರುಗಿತು.

"ವೈಸನ್! ಕೈ ತೆಗಿಯೋ! ಆಚೆ ಬಾರೋ, ನನ್ನಪ್ಪಾ!"

ವೈಸನ್ ಹೊರಳಿಕೊಂಡು ಈಚೆ ಬಂದ. ಅವನ ಹಿಂದೆಯೇ ಜಾಕು ಪಕ್ಕಕ್ಕೆ ಬಿತ್ತು, ಆಕ್ಸಲು ಧಡ್ಡೆಂದು ಇಳಿಯಿತು, ಸ್ಪ್ರಿಂಗು ಚಿಮ್ಮಿ ನೀರಿನ ಬೋಗುಣಿಗೆ ಹೊಡೆದು, ಎರಡು ಕೋಳಿಗಳನ್ನು ಹೆದರಿಸಿ, ತೆರೆದ ಗೇಟಿನಿಂದ ರಸ್ತೆಗೆ ಹಾರಿತು. ಮರದ ದಿಮ್ಮಿಗಳು ಮಾತ್ರ ಕದಲಲಿಲ್ಲ, ದೇವರು ದೊಡ್ಡವನು. ಲಮೇಕ್ ಮಣ್ಣಿನಲ್ಲಿ ಮಂಡಿಯೂರಿ ವೈಸನ್‌ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಿದ್ದ.

"ಎಲ್ಲ ಇವೆ, ಭಾವ" ಎಂದ ವೈಸನ್ ಮೆಲ್ಲಗೆ. "ಎಲ್ಲ ಸರಿಯಾಗಿವೆ."

"ಮಡಚು ನೋಡೋಣ. ಮಡಚೋ, ದಡ್ಡ ಮುಂಡೇದೇ!"

ಆಮೇಲೆ ಇಬ್ಬರಿಗೂ ಸ್ಪ್ರಿಂಗಿನ ನೆನಪಾಗಿ ಗೇಟಿಗೆ ಓಡಿದರು. ಅದು ರಸ್ತೆಯ ಇಳಿಜಾರಿನಲ್ಲಿ ಉರುಳುತ್ತಾ ಕುಣಿಯುತ್ತಾ ಹೋಗುತ್ತಿತ್ತು. ಕೆಳಗಿನಿಂದ, ಚರ್ಚಿನ ಹೆಂಗಸರ ಸಂಘದ ಪ್ರಾರ್ಥನೆ ಮುಗಿಸಿ, ಸಂಘದ ಬಿಳಿ ರವಿಕೆ ತೊಟ್ಟು ಏರಿ ಬರುತ್ತಿದ್ದವಳು ನಬಂಡಾ ಅಜ್ಜಿ, ಲಮೇಕನ ತಾಯಿ. ಗಾತ್ರದಲ್ಲಿ ಮಗನನ್ನು ಮೀರಿಸಿದವಳು. ಅವಳು ಗಾಬರಿಯಾಗಲಿಲ್ಲ. ಹತ್ತಿರ ಬಂದ ಸ್ಪ್ರಿಂಗಿನ ಮೇಲೆ ಪಾದವಿಟ್ಟಳು. ಅದು ನಿಂತಿತು. ಇಬ್ಬರೂ ಓಡಿ ಹೋಗಿ ಅವಳ ಮುಂದೆ ನಿಂತರು.

"ಯಾರದ್ರೋ ಇದು?"

ವೈಸನ್ ತಲೆ ತಗ್ಗಿಸಿದ. ಅಳಿಯ ಅತ್ತೆಯ ಮುಖ ನೋಡಿ ಮಾತಾಡುವಂತಿಲ್ಲ. ಲಮೇಕ್ ಬಗ್ಗಿ ಸ್ಪ್ರಿಂಗು ಎತ್ತಿಕೊಂಡ. ಕೆಳಗಿನ ಸುತ್ತು ಮುರಿದಿತ್ತು. ಮುರಿದ ಜಾಗ ಹಳೆಯದು, ಒಳಗೆಲ್ಲ ಕೆಂಪು. ಇದು ಬಲಗಡೆಯದು. ಡ್ರೈವರಿನ ಹಿಂದಿನ ಸೀಟು. ಅಲ್ಲಿ ಅಜ್ಜಿಯ ಹೊರತು ಬೇರೆ ಯಾರೂ ಕೂತದ್ದನ್ನು ಈ ಬೀದಿ ಕಂಡಿಲ್ಲ.

"ಮುರಿದಿದೆಯಲ್ಲೋ" ಎಂದಳು ಅಜ್ಜಿ. "ಏನಾಗಿ ಮುರೀತು?"

ಭಾವ ಭಾಮೈದನನ್ನು ನೋಡಿದ. ಭಾಮೈದ ಭಾವನನ್ನು ನೋಡಿದ.

"ತುಕ್ಕು, ಅಮ್ಮಾ" ಎಂದ ಲಮೇಕ್.

"ಬರೀ ತುಕ್ಕು, ಅತ್ತೆ" ಎಂದ ವೈಸನ್ ತನ್ನ ಚಪ್ಪಲಿಗೆ. "ಮಳೆಗಾಲದ ತುಕ್ಕು."

"ಗಾಡಿ ಒರೆಸಿಡ್ರೋ ಅಂತ ಎಷ್ಟು ಸಲ ಹೇಳಿದೀನಿ" ಎಂದು ಗೊಣಗಿ, ಅಜ್ಜಿ ಇಬ್ಬರ ನಡುವೆ ಹಾದು ಒಳಗೆ ಹೋದಳು. ಅವಳು ಬಾಗಿಲು ದಾಟುವವರೆಗೂ ಇಬ್ಬರೂ ಉಸಿರು ಬಿಗಿ ಹಿಡಿದಿದ್ದರು. ಆಮೇಲೆ ಬೇಲಿಗೆ ಒರಗಿ, ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಮಧ್ಯಾಹ್ನ ಹೊಸ ಸ್ಪ್ರಿಂಗುಗಳನ್ನು ಹಾಕುವಾಗ ಎನೆಲೇಸಿ ಬೇಕಾಗಲಿಲ್ಲ. ಹಲಗೆಯ ಕೆಳಗೆ ಮಣ್ಣು ಕೆತ್ತಿ ಸಮ ಮಾಡಿದರು. "ಏರಿಸಿ ಭಾವ", "ನಿಲ್ಲೋ, ವಾರೆ ಕೂತಿದೆ", "ನೀವು ವಾರೆ ನೋಡ್ತಿದೀರಾ", "ನಿನ್ನ ತಲೆ ವಾರೆ". ಮೂರು ತಿಂಗಳು ತಡೆದಿಟ್ಟಿದ್ದ ಮಾತೆಲ್ಲ ಹೊರಬರುತ್ತಿತ್ತು. ಸಂಜೆಗೆ ಕಾರು ಹಿಂಭಾಗ ಎತ್ತಿಕೊಂಡು ಆಡಿನ ಮರಿಯ ಹಾಗೆ ನಿಂತಿತ್ತು.

ಮುಂದಿನ ಶನಿವಾರ ಬಲಾಕಾಕ್ಕೆ ಹೋಗಿ ಬಂದರು. ಲಮೇಕ್ ಸೋದರಮಾವನಾಗಿ ಚೆನ್ನಾಗಿ ಮಾತಾಡಿದನಂತೆ, ಸ್ವಲ್ಪ ಉದ್ದವಾಯಿತಂತೆ. ಮಾರನೆಯ ದಿನ ಎನೆಲೇಸಿ ಬೇಲಿಯ ಹತ್ತಿರ ಬಂದಳು. ಕಣ್ಣುಗಳು ಊದಿಕೊಂಡಿದ್ದವು.

"ಪ್ರಯಾಣ ಹೇಗಿತ್ತೇ?" ಅಂದೆ.

"ಗಾಡಿ ಹೂವಿನ ಹಾಗೆ ಹೋಯ್ತು, ಅಕ್ಕಾ. ಆದ್ರೆ ಇವರಿಬ್ಬರೂ ಮುಂದೆ ಕೂತ್ಕೊಂಡು, ಹೋಗ್ತಾನೂ ಬರ್ತಾನೂ, ಒಂದು ಗಳಿಗೆ ಬಾಯಿ ಮುಚ್ಚಲಿಲ್ಲ. ನನಗೆ ಒಂಚೂರೂ ನಿದ್ದೆ ಬರ್ಲಿಲ್ಲ."