ಹೆಬ್ಬೆರಳಿನ ಗಾಯ

ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದ ಅಕ್ಷಯ್ ಹಲ್ಲು ಕಚ್ಚಿ ಎಡಗಾಲನ್ನು ಎತ್ತಿ ಹಿಡಿದ. ಅಡಾಜಣ್ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಅದನ್ನು ಕಂಡದ್ದು ಸುಮತಿ ಒಬ್ಬಳೇ. ಗಂಡನ ಹೆಣ ಎದುರಿಗಿದ್ದರೂ ಅವಳ ಕಣ್ಣು ಮಗನ ಕಾಲಲ್ಲೇ ನೆಟ್ಟಿತು.

"ಕಾಲಿಗೆ ಎಂತ ಆಯ್ತು ಮಗಾ?"

"ಏನಿಲ್ಲ ಅಮ್ಮಾ. ನಿನ್ನೆಯಿಂದ ಥೋಡಾ ಪೇನ್. ನಿಂತು ನಿಂತು."

ಗಂಡ ಗೋಪಾಲಕೃಷ್ಣರೂ ಹೀಗೇ ಹೇಳಿದ್ದರು. ಮೂವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತ ಕಾಲು, ನೋಯದೆ ಇರ್ತದಾ ಎಂದು ನಕ್ಕಿದ್ದರು. ನಿನ್ನೆ ಬೆಳಿಗ್ಗೆ ಸ್ನಾನ ಮುಗಿಸಿ ಬಂದವರು ಉಸಿರು ಸಿಗದೆ ಬಾಗಿಲಲ್ಲೇ ಕುಸಿದರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿದೆ, ಕೊರೊನಾ ಬಂದವರಿಗೆ ಹೀಗಾಗುವುದುಂಟು ಎಂದರು ಡಾಕ್ಟರು.

"ಮದ್ದು ತಪ್ಪಿಸಿರ್ಲಿಲ್ಲ ಅಲ್ವಾ?" ವಡೋದರದಿಂದ ಬಂದಿದ್ದ ಗಂಡನ ಅಕ್ಕ ನಳಿನಿ ಕೇಳಿದಳು.

"ಇಲ್ಲ ಅತ್ತಿಗೆ," ಎಂದಳು ಸುಮತಿ.

* * *

ಹದಿನೆಂಟು ದಿನದ ಹಿಂದೆ ಅಪ್ಪ ಮಗ ಕೊರೊನಾ ವಾಸಿಯಾಗಿ ಒಟ್ಟಿಗೇ ಆಸ್ಪತ್ರೆಯಿಂದ ಬಂದಿದ್ದರು. ಇಬ್ಬರಿಗೂ ಬೇರೆ ಮದ್ದುಗಳ ಜೊತೆ ರಕ್ತ ತೆಳುವಾಗಿಸುವ ಒಂದೇ ಬಗೆಯ ಮಾತ್ರೆ. ಹೋಟೆಲು ಮುಚ್ಚಿದ್ದರೂ ಗೋಪಾಲಕೃಷ್ಣರ ಕೈ ಸುಮ್ಮನಿರಬೇಕಲ್ಲ! ಚಟ್ನಿಗೆ ಕಾಯಿ ತುರಿಯುವ ಕೆಲಸವನ್ನು ಅವರು ಯಾವತ್ತೂ ಯಾರಿಗೂ ಬಿಟ್ಟುಕೊಟ್ಟವರಲ್ಲ. ಮೂರನೆಯ ದಿನವೇ ಹೆರೆಮಣೆಯ ಮೇಲೆ ಕೂತು ಹೆಬ್ಬೆರಳು ಕೊಯ್ದುಕೊಂಡರು. ಅರಶಿನ ಒತ್ತಿ ಹಿಡಿದರೂ ರಕ್ತ ನಿಲ್ಲಲೊಲ್ಲದು. ಬಿಳಿ ತುರಿಯೆಲ್ಲ ಕೆಂಪಾಯಿತು.

ಇದು ಮದ್ದಲ್ಲ, ಮಾರಿ ಎಂದುಕೊಂಡಳು ಸುಮತಿ. ಡಾಕ್ಟರಿಗೆ ಫೋನು ಮಾಡಲಿಲ್ಲ. ಇಬ್ಬರ ಆ ಮಾತ್ರೆಗಳನ್ನೂ ಉದ್ದಿನಬೇಳೆಯ ಡಬ್ಬಿಯಲ್ಲಿ ಹುದುಗಿಸಿಟ್ಟಳು. ಊಟವಾದ ಮೇಲೆ ಅವಳು ಅಂಗೈಗೆ ಹಾಕಿದ್ದನ್ನು ನುಂಗುವುದಷ್ಟೇ ಅಪ್ಪ ಮಗನಿಗೆ ಗೊತ್ತು. ಒಂದು ಕಡಿಮೆಯಾದದ್ದು ಇಬ್ಬರ ಗಮನಕ್ಕೂ ಬರಲಿಲ್ಲ.

* * *

"ಹೊತ್ತಾಯ್ತು, ಎತ್ತಿ," ಎಂದರು ಭಟ್ಟರು.

ಅಕ್ಷಯ್ ಮತ್ತೆ ಬಗ್ಗಿದ. ಪಂಚೆಯ ಕೆಳಗೆ ಮೀನಖಂಡ ಊದಿಕೊಂಡಿತ್ತು. ಹೇಳಿದರೆ ಗಂಡನನ್ನು ಕೊಂದವಳು ಎನ್ನುತ್ತಾರೆ. ಹೇಳದಿದ್ದರೆ?

ಸುಮತಿ ಅಡುಗೆಮನೆಗೆ ಓಡಿದಳು. ಡಬ್ಬಿಯನ್ನು ತಂದು ಎಲ್ಲರ ಎದುರು ಬೋರಲು ಹಾಕಿದಳು. ಬೇಳೆ ನೆಲದ ತುಂಬ ಚೆಲ್ಲಿತು.

"ಇವನನ್ನು ಸ್ಮಶಾನಕ್ಕೆ ಕರ್ಕೊಂಡು ಹೋಗ್ಬೇಡಿ ಅತ್ತಿಗೆ, ಆಸ್ಪತ್ರೆಗೆ ಕರ್ಕೊಂಡು ಹೋಗಿ! ನಾನು ಮದ್ದು ಕೊಡ್ಲಿಲ್ಲ. ಇಬ್ಬರಿಗೂ ಕೊಡ್ಲಿಲ್ಲ."

ನಳಿನಿ ಬೇಳೆಯೊಳಗಿಂದ ಮಾತ್ರೆಯ ಪಟ್ಟಿಗಳನ್ನು ಹೆಕ್ಕಿ ತೆಗೆದಳು. ಫೋನು ತೆಗೆದು ಆಂಬುಲೆನ್ಸಿಗೆ ಕರೆ ಮಾಡಿದಳು.

ಅಕ್ಷಯ್ ಚಟ್ಟದ ಪಕ್ಕದಲ್ಲೇ ಕುಸಿದು ಕೂತ. ಅಪ್ಪನ ಕೈಯ ಎರಡೂ ಹೆಬ್ಬೆರಳುಗಳನ್ನು ಸೇರಿಸಿ ದಾರ ಕಟ್ಟಿದ್ದರು. ಅದರಲ್ಲೊಂದರ ಗಾಯ ಚೆನ್ನಾಗಿ ಮಾಯ್ದಿತ್ತು.