ಬಾಗಿಲಿಗೆ ಇಟ್ಟ ಚಕ್ರ

ಮೈದುನ ಮೂರನೆಯ ಡ್ರಾಯರನ್ನೂ ಎಳೆದು ನೆಲಕ್ಕೆ ಸುರಿದ. ಹಳೆಯ ಬ್ಯಾಟರಿ, ಅಂಗಿಯ ಗುಂಡಿ, ಕನ್ನಡಕದ ಮುರಿದ ಕಾಲು ಎಲ್ಲ ಬಿದ್ದವು. ಕಾರಿನ ಕೀ ಮಾತ್ರ ಬೀಳಲಿಲ್ಲ. ಎರಡು ಮಾರು ಆಚೆ, ನಡುಮನೆಯಲ್ಲಿ, ಅವನ ಅಣ್ಣ ಬಿಳಿ ಬಟ್ಟೆ ಹೊದ್ದು ಮಲಗಿದ್ದ.

"ಅತ್ತಿಗೆ, ಕೀ ಎಲ್ಲಿಟ್ಟಿದೀರ? ವ್ಯಾನಿನ ಮುಂದೆ ಅಣ್ಣನ ಕಾರೇ ಹೋಗಬೇಕು. ನಾನು ಓಡಿಸ್ತೀನಿ. ಅಷ್ಟಾದ್ರೂ ಮರ್ಯಾದೆ ಬೇಡ್ವಾ ಅವನಿಗೆ?"

ಕೀ ಅವಳ ಮುಷ್ಟಿಯಲ್ಲೇ ಇತ್ತು. ನಿನ್ನೆ ಆಸ್ಪತ್ರೆಯ ಬಾಗಿಲಲ್ಲಿ ಹಿಡಿದದ್ದನ್ನು ಇನ್ನೂ ಬಿಟ್ಟಿರಲಿಲ್ಲ. 

ಸತ್ತವನು ಊರಿಗೆಲ್ಲ ಡ್ರೈವಿಂಗ್ ಮೇಷ್ಟ್ರು. ಜೀವಮಾನವಿಡೀ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿ ಹಾಕಿಸಿಕೊಂಡ ಎರಡನೇ ಬ್ರೇಕನ್ನು ತುಳಿಯುತ್ತ, ಆಮೆಗೂ ನಾಚಿಕೆಯಾಗುವ ವೇಗದಲ್ಲಿ ಬೀದಿ ಸುತ್ತಿದವನು. ಕಲಿಯುವವರ ಕೈಯಲ್ಲಿ ಗಾಡಿ ಆಫ್ ಆದಾಗ ಅವನು ಹೇಳುತ್ತಿದ್ದ ಮಾತು ಎಲ್ಲರಿಗೂ ಬಾಯಿಪಾಠ: "ಗಾಬರಿ ಆಗಬೇಡಿ. ಇನ್ನೊಂದು ಸಲ ಸ್ಟಾರ್ಟ್ ಮಾಡಿ." ಬಂದವರೆಲ್ಲ ಅದನ್ನೇ ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ನನ್ನಂಥ ಪುಕ್ಕಲಿ ಕೈಲೂ ಗಾಡಿ ಓಡಿಸಿದ ಪುಣ್ಯಾತ್ಮ," ಎಂದಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಶಿಷ್ಯೆ. ದನಿ ತಗ್ಗಿಸಿ, "ಆದ್ರೆ ನೋಡಿ, ಅವರ ಹೆಂಡತಿಗೇ..." ಎಂದಳು.

ಸತ್ತವನ ಅಕ್ಕನಿಗೆ ದನಿ ತಗ್ಗಿಸುವ ಅಭ್ಯಾಸವಿರಲಿಲ್ಲ. "ದೀಪದ ಕೆಳಗೆ ಕತ್ತಲೆ ಅಂತಾರಲ್ಲ, ಹಂಗಾಯ್ತು. ಹೆಜ್ಜೆಗೊಂದು ಕಡೆ ಗಾಡಿ ನಿಲ್ಲಿಸ್ಕೊಂಡು ಹೋದ್ಲಂತೆ. ಸ್ವಲ್ಪ ಮುಂಚೆ ಬಂದಿದ್ರೆ ಉಳೀತಿದ್ರು ಅಂತ ಡಾಕ್ಟ್ರೇ ಹೇಳಿದ್ರಂತೆ. ನನ್ನ ತಮ್ಮನ ಹಣೆಬರಹ!"

ಹಾಗೆಂದು ರಭಸದಿಂದ ತಿರುಗಿದವಳ ಕಾಲು ಬಾಗಿಲಿಗೆ ಅಡ್ಡವಿಟ್ಟ ಕಬ್ಬಿಣದ ಚಕ್ರಕ್ಕೆ ಬಡಿಯಿತು. "ಅಯ್ಯೋ! ಯಾವ ಪೀಡೆ ಇದು?"

"ಬಾಗಿಲು ತಾನಾಗೇ ಮುಚ್ಕೊಳ್ಳತ್ತೆ ಅಕ್ಕ. ಅದಕ್ಕೆ ಇಟ್ಟಿರೋದು," ಎಂದಳು ಸತ್ತವನ ಹೆಂಡತಿ.

ಗೋಡೆಗೊರಗಿ ನಿಂತಿದ್ದ ಗ್ಯಾರೇಜಿನವನು ಒಮ್ಮೆ ಚಕ್ರವನ್ನು ನೋಡಿದ. ಅವಳು ಅವನನ್ನು ನೋಡಿದಳು. ಇಷ್ಟು ಜನರಲ್ಲಿ ನಿಜ ಗೊತ್ತಿದ್ದವನು ಅವನೊಬ್ಬನೇ. ಅವನು ಬಾಯಿ ಬಿಟ್ಟರೆ ಸಾಕಿತ್ತು, ಗಂಡನನ್ನು ಕೊಂದವಳೆಂಬ ಹೆಸರು ಹೊತ್ತು ಉಳಿದ ಆಯುಷ್ಯ ಕಳೆಯುವುದು ತಪ್ಪುತ್ತಿತ್ತು. ಅವನು ತಲೆಯೆತ್ತಿ ಫ್ಯಾನು ನೋಡತೊಡಗಿದ.

*

ಆ ಚಕ್ರ ಮೈದುನ ಕೀ ಕೇಳುತ್ತಿದ್ದ ಕೆಂಪು ಕಾರಿನದು. ಹೋದ ವರ್ಷ ಗಂಡ ಅದನ್ನು ಇಂಜಿನ್ನಿನಿಂದ ಬಿಚ್ಚಿಸಿ ತಂದು ಊಟದ ಮೇಜಿನ ಮೇಲೆ, ಪೇಪರು ಹಾಸಿ ಇಟ್ಟಿದ್ದ. ಪಕ್ಕದಲ್ಲಿ ಹೊಸವು ಎರಡು. ಒಂದು ಉಕ್ಕಿನದು, ಹಳೆಯದಕ್ಕಿಂತ ಕೊಂಚ ಹಗುರ. ಇನ್ನೊಂದು ಅಲ್ಯೂಮಿನಿಯಮ್ಮಿನದು, ಊಟದ ತಟ್ಟೆಯ ಹಾಗೆ ಒಂದೇ ಕೈಯಲ್ಲಿ ಎತ್ತಬಹುದು.

"ಉಕ್ಕಿಂದೇ ಹಾಕ್ಸಿ ಮೇಷ್ಟ್ರೇ," ಎಂದಿದ್ದ ಗ್ಯಾರೇಜಿನವನು. "ಈ ಫ್ಲೈವೀಲ್ ಚಕ್ರದ ಭಾರಾನೇ ಇಂಜಿನ್ನಿಗೆ ದಮ್ಮು. ಕ್ಲಚ್ ಬಿಡೋವಾಗ ಗಾಡಿ ಆಫ್ ಆಗದಂತೆ ಹಿಡಿಯೋದು ಅದೇ. ತೀರಾ ಹಗುರ ಆದ್ರೆ ಸಿಗ್ನಲ್ಲಲ್ಲಿ, ಏರಲ್ಲಿ ಒದ್ದಾಡಬೇಕಾಗತ್ತೆ."

"ಹಗುರದ್ದು ಹಾಕಿ ಆಕ್ಸಲರೇಟರ್ ತುಳಿದ್ರೆ ಹೆಂಗೆ ಏಳತ್ತೆ, ಅದು ಹೇಳು."

"ಅದೇನೋ ಹಾರತ್ತೆ."

"ಮುಗೀತಲ್ಲ ಮತ್ತೆ!"

ಅವಳು ಟೀ ಲೋಟ ಇಡುತ್ತ, "ಆ ಗಾಡೀನ ನಾನೂ ಓಡಿಸ್ತೀನಲ್ಲ?" ಎಂದಳು. ಅವಳಿಗೆ ಗಾಡಿ ಕಲಿಸಿದವನೂ ಅವನೇ. ಮೊದಲ ದಿನವೇ ಒಂದು ಸಲವೂ ಆಫ್ ಮಾಡದೆ ಗಾಡಿ ಎತ್ತಿದವಳು ಇವಳೊಬ್ಬಳೇ, ಅದಕ್ಕೇ ಮದುವೆಯಾದೆ ಎಂದು ಹಿಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ.

"ನೀನು ಎಲ್ಲೋ ಒಂದಿನ ತರಕಾರಿಗೆ ಹೋಗೋಳು. ಅಭ್ಯಾಸ ಆಗತ್ತೆ ಬಿಡೇ."

ವಾರವೆಲ್ಲ ಇನ್ನೊಬ್ಬರ ಹೆದರಿಕೆಯ ಪಕ್ಕದಲ್ಲಿ ಕೂತವನಿಗೆ ಭಾನುವಾರವಾದರೂ ತನ್ನದೇ ಒಂದು ವೇಗ ಬೇಕು. ಇದು ಅವಳಿಗೆ ಅರ್ಥವಾಗುತ್ತಿತ್ತು. ಅರ್ಥವಾದದ್ದಕ್ಕೇ ಸುಮ್ಮನಾದಳು, ಕೆಟ್ಟಳು.

ಹಗುರದ ಚಕ್ರ ಹಾಕಿದ ಮೇಲೆ ಗಾಡಿ ಅವಳ ಕೈಯಲ್ಲಿ ಬೀದಿ ನಡುವೆ ಎರಡು ಸಲ ನಿಂತಿತು. ಅಕ್ಕಪಕ್ಕದವರು ನಕ್ಕರು, ಎಲ್ಲರಿಗಿಂತ ಜೋರಾಗಿ ಗಂಡ ನಕ್ಕ. ಅವಳು ಕೀ ಮುಟ್ಟುವುದನ್ನೇ ಬಿಟ್ಟಳು. ಊರಿಗೆಲ್ಲ ಕಲಿಸುವವನಿಗೆ ಅವಳ ಪಕ್ಕ ಮತ್ತೊಮ್ಮೆ ಕೂತು ಕಲಿಸುವ ಪುರುಸೊತ್ತು ಬರಲಿಲ್ಲ.

*

ನಿನ್ನೆ ಬೆಳಿಗ್ಗೆ ಅವನು ಎದೆ ಹಿಡಿದುಕೊಂಡು ಕುಸಿದು ಕೂತಾಗ ಕಲಿಸುವ ಗಾಡಿ ಸ್ಕೂಲಿನಲ್ಲೇ ಇತ್ತು. ಆಂಬುಲೆನ್ಸಿಗೆ ಕಾಯುವುದು ಬೇಡ, ನೀನೇ ಕೆಂಪು ಗಾಡಿ ತೆಗೆ ಎಂದವನೂ ಅವನೇ.

ಗೇಟಿನಲ್ಲಿ ಆಫ್ ಆಯಿತು. ಸೇತುವೆಯ ಹತ್ತಿರ ಆಫ್ ಆಯಿತು. ಆಸ್ಪತ್ರೆಯ ಏರಿನಲ್ಲಂತೂ ಹಸಿರು ದೀಪ ಬಂದು, ಹೋಗಿ, ಮತ್ತೆ ಬಂದರೂ ಗಾಡಿ ಎಳೆಯದೆ ಮುಗ್ಗರಿಸಿತು. ಹಿಂದಿನವರೆಲ್ಲ ಹಾರನ್ನು ಬಾರಿಸಿದರು. ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕಿಗಾಗಿ ಅವನ ಕಾಲು ನೆಲ ತಡಕಾಡುತ್ತಿತ್ತು.

"ಕ್ಲಚ್... ನಿಧಾನ ಕಣೇ. ಎಷ್ಟು ಸಲ ಹೇಳೋದು..."

ಅವಳಿಗೆಂದು ಅವನು ಆಡಿದ ಕೊನೆಯ ಮಾತು ಅದು. ಕಂಡಕಂಡವರಿಗೆಲ್ಲ ಗಾಬರಿ ಆಗಬೇಡಿ ಎಂದವನು ಅವಳಿಗೆ ಅದೊಂದನ್ನು ಹೇಳಲಿಲ್ಲ. ಅವಳಿಗೆ ಸತ್ತವನ ಮೇಲೆ ಕೆಂಡದಂಥ ಸಿಟ್ಟಿತ್ತು. ಆ ಸಿಟ್ಟು ಇಳಿಯದೆ ಅಳು ಬರುವ ಹಾಗಿರಲಿಲ್ಲ.

*

ಹೊರಗೆ ರಸ್ತೆಯಲ್ಲಿ ವ್ಯಾನಿನವನು ಹಾರನ್ನು ಒತ್ತಿದ.

"ಕೀ ಕೊಡಿ ಅತ್ತಿಗೆ. ಗಾಡಿ ಓಡಿಸೋದೇನು ಬ್ರಹ್ಮವಿದ್ಯೆಯಾ?"

ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಕೀಯ ಹಲ್ಲಿನ ಗುರುತು ಮೂಡಿತ್ತು. "ತಗೋ."

ಅಂಗಳ ತಗ್ಗು, ರಸ್ತೆ ಎತ್ತರ. ಗೇಟಿನಲ್ಲಿ ಗಿಡ್ಡದೊಂದು ಏರು. ಮೈದುನ ಕೆಂಪು ಕಾರು ಸ್ಟಾರ್ಟ್ ಮಾಡಿದ. ಡಬ್ಬಿಯಲ್ಲಿ ಕಲ್ಲು ಕುಲುಕಿದಂತೆ ಗೇರುಗಳು ಗಲಗಲ ಎಂದವು. ಕಾರು ಏರಿಗೆ ಮೂತಿಯಿಟ್ಟು ಒಮ್ಮೆ ಜಿಗಿದು ಗೇಟಿನ ನಟ್ಟನಡುವೆ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದ; ಮತ್ತೆ ಆಫ್. ಹಿಂದೆ ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು ಬಂದವರು ಅಂಗಳದಲ್ಲೇ ನಿಂತರು.

"ನಿನ್ನೆ ಅತ್ತಿಗೆ ಏನೋ ಕೆಡಿಸಿಟ್ಟಿದಾರೆ ಇದನ್ನ!" ಎಂದು ಮೈದುನ ಬೆವರೊರೆಸಿಕೊಂಡ.

ಅವಳು ಕಾರಿನ ಕಿಟಕಿಯ ಬಳಿ ಹೋಗಿ ಬಗ್ಗಿದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಗಾಬರಿ ಆಗಬೇಡಿ. ಇನ್ನೊಂದು ಸಲ ಸ್ಟಾರ್ಟ್ ಮಾಡಿ."

ಬ್ಯಾಂಕಿನವಳು ತಲೆ ತಗ್ಗಿಸಿದಳು. ಮೈದುನ ಇನ್ನೊಂದು ಸಲ ಸ್ಟಾರ್ಟ್ ಮಾಡಿದ. ಆಫ್ ಆಯಿತು. ಕೊನೆಗೆ ಯಾರ ಮುಖವನ್ನೂ ನೋಡದೆ ಕೆಳಗಿಳಿದು, ಕಿಟಕಿಯಿಂದ ಕೈಹಾಕಿ ಸ್ಟಿಯರಿಂಗ್ ಹಿಡಿದ.

ಶಿಷ್ಯರು ಹಿಂದಿನಿಂದ ಹೆಗಲು ಕೊಟ್ಟು ತಳ್ಳಿದರು. ಅರ್ಧ ಏರಿ ಉಸಿರು ಸಾಲದೆ ನಿಂತರು. ಕಾರು ಹಿಂದಕ್ಕೆ, ಹೊತ್ತವರ ಕಡೆಗೆ, ಜಾರತೊಡಗಿತು.

"ಅಡ್ಡ ಏನಾದ್ರೂ ಕೊಡ್ರೋ ಗಾಲಿಗೆ! ಬೇಗ!"

ಗ್ಯಾರೇಜಿನವನು ಓಡಿದ. ಕೈಗೆ ಸಿಕ್ಕಿದ್ದು ಬಾಗಿಲಲ್ಲಿದ್ದ ಹಳೆಯ ಚಕ್ರ. ಎರಡೂ ಕೈಯಲ್ಲಿ ಎದೆಗವಚಿಕೊಂಡು ಅವಳ ಮುಂದೆಯೇ ಹಾದುಹೋದ. ಈ ಸಲ ನೋಡಲು ಫ್ಯಾನಿರಲಿಲ್ಲ, ಅವಳನ್ನೇ ನೋಡಬೇಕಾಯಿತು. ಚಕ್ರವನ್ನು ಹಿಂದಿನ ಗಾಲಿಯಡಿ ತುರುಕಿದ. ಕಾರು ಅದಕ್ಕೆ ಬೆನ್ನು ಕೊಟ್ಟು ಅಲ್ಲೇ ನಿಂತಿತು.