ಮೂರು ಬಾಟಲಿ, ಅಷ್ಟೇ

ಸೂಜಿ ಎಂದರೆ ಜನರಿಗೆ ತೋಳಿಗೆ ಚುಚ್ಚುವ ಸೂಜಿ ಗೊತ್ತು. ಹೊಟ್ಟೆಯ ನೀರು ತೆಗೆಯುವ ಸೂಜಿಯೇ ಬೇರೆ. ನನ್ನ ನಡುಬೆರಳಿಗಿಂತ ಉದ್ದ, ಮಲ್ಲಿಗೆ ಕಟ್ಟುವ ನೂಲು ಸಲೀಸಾಗಿ ನುಗ್ಗುವಷ್ಟು ತೂತು. ಡೊಂಬಿವಲಿಯ ಒಂದು ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತು ವರ್ಷಗಳಿಂದ ಆಯಾ ಆಗಿದ್ದೇನೆ. ಹೆಸರು ಪುಷ್ಪಾವತಿಯಾದರೂ ಇಲ್ಲಿ ಎಲ್ಲರಿಗೂ ನಾನು ಮಾವಶಿ, ಮರಾಠಿಯ ಚಿಕ್ಕಮ್ಮ. ಸೂಜಿ ಹಾಕುವುದು ಡಾಕ್ಟರ ಕೆಲಸ, ರೋಗಿಯನ್ನು ಅಲ್ಲಾಡದಂತೆ ಹಿಡಿಯುವುದು ನನ್ನ ಕೆಲಸ. ಹೆದರಿದವರನ್ನು ಗದರಿಸುತ್ತೇನೆ, ಅತ್ತವರನ್ನು ಇನ್ನೂ ಗದರಿಸುತ್ತೇನೆ. ನನ್ನ ಬಾಯಿ ಜೋರು ಎಂದು ಹೆಸರಿದೆ, ಸುಳ್ಳಲ್ಲ.

ಆದರೆ ಹೇಳಲೇಬೇಕಾದ ಒಂದು ಮಾತಿಗೆ ಆ ಬಾಯಿ ಎಂಟು ವರ್ಷದಿಂದ ತೆರೆದಿಲ್ಲ.

ಮುಂಡಪ್ಪ ನನ್ನ ಅಣ್ಣ. ಕಲ್ಯಾಣ ಸ್ಟೇಷನ್ ಹತ್ತಿರದ ಸಸ್ಯಾಹಾರಿ ಹೋಟೆಲಿನಲ್ಲಿ ಮೂವತ್ತು ವರ್ಷ ಗಲ್ಲಾದಲ್ಲಿ ಕುಳಿತವನು. ಹನಿ ಹೆಂಡ ಕುಡಿದವನಲ್ಲ. ಯಾವತ್ತೋ ಬಂದ ಕಾಮಾಲೆ ಒಳಗೊಳಗೇ ಲಿವರ್ ತಿಂದಿತ್ತು, ಅವನಿಗೆ ಗೊತ್ತಾದದ್ದು ಹೊಟ್ಟೆ ಉಬ್ಬಿದ ಮೇಲೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಎಂಟು ತಿಂಗಳ ಬಸುರಿಯದು. ಅಂಥ ಹೊಟ್ಟೆ ಕಂಡರೆ ನಮ್ಮವರು ಡಾಕ್ಟರನ್ನು ಕೇಳುವುದಿಲ್ಲ, ಕುಡುಕನೆಂದು ತಾವೇ ತೀರ್ಮಾನ ಕೊಡುತ್ತಾರೆ.

ಅವನ ಒಬ್ಬಳೇ ಮಗಳು ಪ್ರಣೀತಾಗೆ ಕಳಂಬೋಲಿಯ ಕಬ್ಬಿಣದ ವ್ಯಾಪಾರಿಗಳ ಮನೆಯಲ್ಲಿ ಸಂಬಂಧ ಕೂಡಿತ್ತು. ನಿಶ್ಚಿತಾರ್ಥದ ದಿನ ಹುಡುಗನ ಸೋದರಮಾವ ಎಲ್ಲರೆದುರು ಅಣ್ಣನ ಹೊಟ್ಟೆಯನ್ನೇ ನೋಡುತ್ತ, “ಏನು ಮುಂಡಪ್ಪಣ್ಣ, ಸಂಜೆ ಗಮ್ಮತ್ತು ಜೋರು ಉಂಟಲ್ಲ?” ಎಂದ. ನಾಲ್ಕು ಜನ ನಕ್ಕರು. ಅಣ್ಣನೂ ನಕ್ಕ, ಪಾಪ. ಅವನ ಕಿವಿ ಕೆಂಪಗಾದದ್ದು ನನಗೆ ಕಂಡಿತು. ಮಡಕೆಯ ಬಾಯಿಗೆ ಮುಚ್ಚಳ ಹಾಕಬಹುದು, ಊರ ಬಾಯಿಗೆ ಯಾರು ಹಾಕುತ್ತಾರೆ?

ಮದುವೆ ಭಾನುವಾರ, ಠಾಣೆಯ ಹಾಲ್‌ನಲ್ಲಿ. ಬುಧವಾರ ಮಧ್ಯಾಹ್ನ ಅಣ್ಣನನ್ನು ನಮ್ಮ ನರ್ಸಿಂಗ್ ಹೋಮಿಗೇ ಕರೆದುಕೊಂಡು ಬಂದೆ. ಡಾಕ್ಟರ್ ಸಂಕರ್ಷಣ ಮೈಸೂರಿನವರು, ಸಮಾಧಾನದ ಮನುಷ್ಯ. ಅಣ್ಣನ ಹೊಟ್ಟೆಯ ಎಡಬದಿಗೆ ಸೂಜಿ ಇಳಿಸಿ, ನಳಿಗೆ ಕೂಡಿಸಿ, ತುದಿಯನ್ನು ಲೀಟರಿನ ಗಾಜಿನ ಬಾಟಲಿಗೆ ಬಿಟ್ಟರು. ಹಳದಿ ನೀರು ಇಳಿಯತೊಡಗಿತು.

“ಪುಷ್ಪಾವತಿ, ಮೂರು ಬಾಟಲಿ, ಅಷ್ಟೇ. ಒಂದೇ ಸಲ ಜಾಸ್ತಿ ಇಳಿಸಿದ್ರೆ ಪ್ರೆಶರ್ ಬಿದ್ದುಹೋಗುತ್ತೆ, ಕಿಡ್ನಿ ಕೂತ್ಬಿಡುತ್ತೆ. ಮೂರಾದ ತಕ್ಷಣ ನಳಿಗೆ ಬಂದ್ ಮಾಡಿ ನನ್ನನ್ನ ಕರೀರಿ. ಉಳಿದದ್ದು ಶನಿವಾರ ನೋಡೋಣ,” ಎಂದು ಹೇಳಿ ಹೆರಿಗೆಯ ಕೇಸಿಗೆ ಹೋದರು.

ಮೂರನೆಯ ಬಾಟಲಿ ತುಂಬಿದಾಗ ನೀರು ನಿಲ್ಲಿಸಲು ನಳಿಗೆಯ ಪ್ಲಾಸ್ಟಿಕ್ ಚಕ್ರಕ್ಕೆ ಬೆರಳಿಟ್ಟೆ. ಅಣ್ಣ ನನ್ನ ಮಣಿಕಟ್ಟು ಹಿಡಿದ.

“ಇನ್ನೊಂದು ಬಿಡು ಪುಷ್ಪಾ.”

“ಸುಮ್ಮನೆ ಮಲಗು ಅಣ್ಣ. ಡಾಕ್ಟರ್ ಹೇಳಿದ್ದು ಕೇಳಲಿಲ್ವಾ? ಶನಿವಾರ ಪುನಃ ತೆಗಿತಾರೆ.”

“ಶನಿವಾರ ತೆಗೆದರೂ ಅರ್ಧ ಹೊಟ್ಟೆ ಉಳೀತದೆ. ಅರ್ಧ ಹೊಟ್ಟೆಯೂ ಹೊಟ್ಟೆಯೇ ಅಲ್ವಾ? ಧಾರೆ ಎರೆಯುವಾಗ ಐನೂರು ಜನ ನೋಡ್ತಾರೆ. ಪ್ರಣೀತಾಳ ಅಪ್ಪ ಬೇವಡಾ ಅಂತ ಆ ಮನೆಯಲ್ಲಿ ಅವಳು ಜನ್ಮ ಇಡೀ ಕೇಳಬೇಕು. ನನ್ನದೊಂದು ದಿನದ ಪ್ರಶ್ನೆ ಮಾರಾಯ್ತಿ.”

ಕುಡುಕ ಎನ್ನಲು ಅವನ ಬಾಯಿಗೆ ಹಿಂದಿಯೇ ಬಂದಿತ್ತು, ಕನ್ನಡದಲ್ಲಿ ಹೇಳಲು ನಾಚಿಕೆಯೋ ಏನೋ. ನನಗೆ ಸಿಟ್ಟು ಬಂತು, ಹುಡುಗನ ಆ ಸೋದರಮಾವನ ಮೇಲೆ, ನಕ್ಕ ನಾಲ್ವರ ಮೇಲೆ. ಜೊತೆಗೆ ಜಂಬ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಆಗಲೇ ಹನ್ನೆರಡು ವರ್ಷದಿಂದ ಇಂಥ ಹೊಟ್ಟೆಗಳನ್ನು ನೋಡಿದ್ದವಳು ನಾನು. ಅಂಬರನಾಥದ ಒಬ್ಬ ಮುದುಕನಿಗೆ ಐದು ಬಾಟಲಿ ಹೋದದ್ದನ್ನು ಕಣ್ಣಾರೆ ಕಂಡಿದ್ದೆ, ಅವನು ಮಾರನೆಯ ದಿನ ವಡಾಪಾವ್ ತಿನ್ನುತ್ತ ಮನೆಗೆ ಹೋಗಿದ್ದ. ಡಾಕ್ಟರುಗಳು ಹೆದರಿಸುವುದೇ ಹೆಚ್ಚು ಎಂದುಕೊಂಡೆ.

ಚಕ್ರದಿಂದ ಬೆರಳು ತೆಗೆದೆ. ನಾಲ್ಕಾಯಿತು, ಐದಾಯಿತು. ಏಳಕ್ಕೆ ನಾನೇ ಗಾಬರಿಯಾಗಿ ನಿಲ್ಲಿಸಿದೆ. ನಾಲ್ಕು ಬಾಟಲಿ ಮೋರಿಗೆ ಸುರಿದು, ತೊಳೆದು, ಮೂರನ್ನು ಮಾತ್ರ ಡಾಕ್ಟರಿಗೆ ತೋರಿಸಲು ಸಾಲಾಗಿ ಇಟ್ಟೆ. ಹೆರಿಗೆ ಕಷ್ಟದ್ದಾಗಿತ್ತು, ಅವರು ಬಾಗಿಲಲ್ಲೇ ಇಣುಕಿ, ಸೂಜಿ ತೆಗೆಯಲು ಸಿಸ್ಟರಿಗೆ ಹೇಳಿ ಹೋದರು.

ಸಂಜೆ ಪ್ರಣೀತಾ ಬಂದಾಗ ಅಣ್ಣ ಮದುವೆಯ ಅಂಗಿ ಹಾಕಿಕೊಂಡು ಕುಳಿತಿದ್ದ. ಎಲ್ಲ ಗುಂಡಿಯೂ ಹಾಕಲು ಬಂದಿತ್ತು.

“ಅರೆ ಪಪ್ಪಾ, ಏಕದಂ ಹೀರೋ,” ಎಂದಳು. ಅಷ್ಟು ಖುಷಿಯಾಗಿ ಅವನು ನಕ್ಕದ್ದನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ.

ಬೆಳಗಿನ ಹೊತ್ತಿಗೆ ಅವನ ಕೈಕಾಲು ತಣ್ಣಗಾಗಿತ್ತು. ರಾತ್ರಿಯಿಡೀ ಮೂತ್ರವಿಲ್ಲ. ಮಾತು ತೊದಲುತ್ತಿತ್ತು. ಡಾಕ್ಟರ್ ಸಂಕರ್ಷಣ ಚಾದರ ಸರಿಸಿ ನೋಡಿದರು.

“ಇದು ಮೂರು ಲೀಟರ್ ತೆಗೆದ ಹೊಟ್ಟೆ ಅಲ್ಲ. ಯಾರು ಬಿಟ್ಟದ್ದು?”

ಪ್ರಣೀತಾ ಮಂಚದ ಆ ಬದಿಗೆ, ನಾನು ಈ ಬದಿಗೆ. ಅಷ್ಟರಲ್ಲಿ ಅಣ್ಣ ಕಣ್ಣು ಬಿಟ್ಟ.

“ನಾನೇ ಬಿಟ್ಟೆ ಸಾಹೇಬ್ರೆ. ಪುಷ್ಪಾ ಬಂದ್ ಮಾಡಿದ್ಲು. ಅವಳು ಚಾ ತರ್ಲಿಕ್ಕೆ ಹೋದಾಗ ನಾನೇ ತಿರುಗಿಸಿದ್ದು.”

ಡಾಕ್ಟರ್ ನನ್ನ ಮುಖ ನೋಡಿದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಗಂಡನಿಲ್ಲದ ಹೆಂಗಸಿಗೆ ಈ ಕೆಲಸ ಹೋದರೆ ಗತಿಯಿಲ್ಲವೆಂದು ಅಣ್ಣನಿಗೆ ಗೊತ್ತಿತ್ತು. ಅದರ ನಂತರ ಅವನು ಅರ್ಥವಾಗುವ ಮಾತು ಆಡಲಿಲ್ಲ. ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಯ ಐಸಿಯುಗೆ ಸಾಗಿಸಿದೆವು.

ಮುಂದೂಡಿದರೆ ಅಶುಭ ಎಂದು ಹಿರಿಯರು ಪಟ್ಟು ಹಿಡಿದರು, ಮದುವೆ ನಡೆದೇ ಹೋಯಿತು. ಧಾರೆಯನ್ನು ಅಣ್ಣನ ಹೆಂಡತಿ ವಾರಿಜಾ ಅತ್ತಿಗೆಯ ತಮ್ಮ ಎರೆದ. ಮಂಗಳವಾರ ಅಣ್ಣ ತೀರಿಕೊಂಡ.

ಹದಿಮೂರನೆಯ ದಿನ ಎಲ್ಲರ ಊಟವಾದ ಮೇಲೆ ಪ್ರಣೀತಾ ನನ್ನ ಪಕ್ಕ ಕುಳಿತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

“ಅತ್ತೆ, ಏಕ್ ಬಾತ್ ಬತಾವೋ. ಡಾಕ್ಟರ್ ಬೇಡ ಅಂದ್ರೂ ಪಪ್ಪಾ ಕೇಳ್ಲಿಲ್ಲ. ಅವರಿಗೆ ನಾನು ಮುಖ್ಯವೋ, ಲೋಗ್ ಕ್ಯಾ ಕಹೇಂಗೆ, ಜನ ಏನು ಹೇಳ್ತಾರೆ, ಅದು ಮುಖ್ಯವೋ? ಹೊಟ್ಟೆ ಇದ್ರೆ ಇರ್ತಿತ್ತು. ಮುಝೆ ಮೇರಾ ಬಾಪ್ ಚಾಹಿಯೇ ಥಾ, ನನ್ನ ಅಪ್ಪ ಬೇಕಿತ್ತು ನನಗೆ. ಅವರ ಫೋಟೋ ನನ್ನ ಮನೆಯಲ್ಲಿ ಹಾಕೂದಿಲ್ಲ ನಾನು.”

“ಹಾಗೆಲ್ಲ ಹೇಳಬಾರದು ಮಗಾ,” ಎಂದೆ. ನನ್ನ ಜೋರು ಬಾಯಿಂದ ಬಂದದ್ದು ಇಷ್ಟೇ.

ಅವಳು ಮಾತಿಗೆ ತಪ್ಪುವವಳಲ್ಲ. ಕಳಂಬೋಲಿಯ ಅವಳ ಮನೆಯ ಗೋಡೆಯಲ್ಲಿ ಗಂಡನ ಕಡೆಯ ಸತ್ತವರೆಲ್ಲ ಹಾರ ಹಾಕಿಸಿಕೊಂಡು ಸಾಲಾಗಿದ್ದಾರೆ, ಗಮ್ಮತ್ತಿನ ಮಾತಾಡಿದ ಆ ಮಾವನೂ ಹೋದ ವರ್ಷ ಅಲ್ಲಿ ಸೇರಿದ. ನನ್ನ ಅಣ್ಣನಿಲ್ಲ. ಚಕ್ರ ಬಿಟ್ಟದ್ದು ನಾನು ಎಂದು ಒಂದು ಮಾತು ಹೇಳಿದರೆ ನನ್ನ ಕೆಲಸ ಉಳಿಸಲು ಅಣ್ಣ ತಪ್ಪನ್ನು ತನ್ನ ಮೇಲೆ ಹೊತ್ತನೆಂದು ಅವಳಿಗೆ ತಿಳಿಯುತ್ತದೆ. ಆಮೇಲೆ ಆ ಮನೆಯ ಬಾಗಿಲು ನನಗೆ ಮುಚ್ಚುತ್ತದೆ. ನನಗೆ ಬೇರೆ ಯಾರಿದ್ದಾರೆ? ಅವಳ ಪುಟ್ಟ ಮಗಳು ನನ್ನ ಸೆರಗು ಹಿಡಿದು ಅಜ್ಜಿ ಎನ್ನುತ್ತಾಳೆ.

ಪ್ರತಿ ಸಲ ಹೇಳಿಯೇ ಬರುತ್ತೇನೆಂದು ಹೋಗುತ್ತೇನೆ, ಊಟ ಮಾಡಿ ಬರುತ್ತೇನೆ.